ಬಿಸಿಲು ಬಾರದ ಮನೆಯಲ್ಲಿ ಗಿಡಕ್ಕೆ ಯಾವ ದೀಪ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಜೂನ್ ಬಂತೆಂದರೆ ಮುಂಬಯಿ, ಪುಣೆ, ಗೋವಾದ ಓದುಗರ ಪತ್ರಗಳಲ್ಲಿ ಸುತ್ತಿ ಬಳಸಿ ಒಂದೇ ಮಾತು. ಎದುರಿಗೆ ಟವರ್ ಎದ್ದಿದೆ, ಮೇಲೆ ಮೋಡ ಕವಿದಿದೆ, ಕುಂಡದ ಗಿಡ ಸೊರಗುತ್ತಿದೆ. ದೀಪ ಹಾಕೋಣವೆಂದರೆ ಎಲ್‌ಇಡಿ ತರಬೇಕೋ, ಹಳೆಯ ಮಾದರಿಯದೇ ಸಾಕೋ? ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ಡೊಂಬಿವಲಿಯ ಎರಡನೇ ಮಹಡಿಯಲ್ಲಿ ನಮ್ಮ ಮನೆ. ಕಿಟಕಿಯ ಪಕ್ಕ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಕಬ್ಬಿಣದ ರ‍್ಯಾಕ್ ಇಟ್ಟು ಒಂದೆಲಗ, ದೊಡ್ಡಪತ್ರೆ, ಒಂದು ವೀಳ್ಯದೆಲೆ ಬಳ್ಳಿ ಬೆಳೆಸುವ ಆಸೆ. ನರ್ಸರಿಯವರು 400 ವ್ಯಾಟ್‌ನ ಸೋಡಿಯಂ ದೀಪ (ಬೀದಿ ಕಂಬದ ಹಳದಿ ದೀಪದ ಜಾತಿ) ಹಾಕಿ ಎನ್ನುತ್ತಾರೆ. ಮಗ ಎಲ್‌ಇಡಿಯೇ ಬೇಕೆಂದು ಹಟ ಹಿಡಿದಿದ್ದಾನೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಮನೆಯ ಮಟ್ಟಿಗೆ ಮಗನ ಮಾತು ಸರಿ. ಆದರೆ ಸೋಡಿಯಂ ದೀಪ ಕೆಟ್ಟದ್ದು ಅಂತ ಅಲ್ಲ. ಅಳತೆ ತಿಳಿದರೆ ಇದು ಸ್ಪಷ್ಟವಾಗುತ್ತದೆ.

ಗಿಡ ಉಣ್ಣುವುದು 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕನ್ನು. ಅದನ್ನು ಅಳೆಯುವುದು ಮೈಕ್ರೋಮೋಲ್‌ನಲ್ಲಿ. ಹಳೆಯ 400 ವ್ಯಾಟ್ ಸೋಡಿಯಂ ದೀಪ ಚೋಕಿನ ನಷ್ಟವೂ ಸೇರಿ ಸುಮಾರು 440 ವ್ಯಾಟ್ ಎಳೆದು, ಸೆಕೆಂಡಿಗೆ ಹೆಚ್ಚು ಕಡಿಮೆ 600 ಮೈಕ್ರೋಮೋಲ್ ಕೊಡುತ್ತದೆ. ಅಂದರೆ ವ್ಯಾಟ್‌ಗೆ 1.3ರ ಆಸುಪಾಸು. ಅಂಗಡಿಯಲ್ಲಿ ಸಿಗುವ ಮಾಮೂಲಿ 20 ವ್ಯಾಟ್‌ನ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟಿನಂಥ ಉದ್ದ ಪಟ್ಟಿ ದೀಪ) 2000 ಲ್ಯೂಮೆನ್‌ನದಾದರೆ (ಲ್ಯೂಮೆನ್ ಎಂದರೆ ಕಣ್ಣಿಗೆ ಕಾಣುವ ಬೆಳಕಿನ ಅಳತೆ) 30 ಮೈಕ್ರೋಮೋಲ್ ಕೊಡುತ್ತದೆ, ವ್ಯಾಟ್‌ಗೆ 1.5. ದಕ್ಷತೆಯಲ್ಲಿ ಅಂತರ ಅಷ್ಟೇನೂ ಇಲ್ಲ, ನೋಡಿ. ಗಿಡಕ್ಕೆಂದೇ ಮಾಡಿದ ಒಳ್ಳೆಯ ಎಲ್‌ಇಡಿ ಪ್ಯಾನೆಲ್ ಮಾತ್ರ 2.5 ದಾಟುತ್ತದೆ.

ಹಾಗಿದ್ದರೆ ಸೋಡಿಯಂ ಯಾಕೆ ಬೇಡ? ಮೊದಲನೆಯದು ದೂರ. ಆ ದೀಪದ ಗಾಜು ಮುಟ್ಟಿದರೆ ಚರ್ಮ ಸುಲಿಯುವಷ್ಟು ಸುಡುತ್ತದೆ. ಎಲೆಗೂ ದೀಪಕ್ಕೂ ಒಂದೂವರೆ, ಎರಡು ಅಡಿ ಅಂತರ ಬೇಕು. ನಿಮ್ಮ ರ‍್ಯಾಕಿನ ಎರಡು ಹಲಗೆಗಳ ನಡುವೆ ಅಷ್ಟು ಜಾಗವೇ ಇರುವುದಿಲ್ಲ. ಎತ್ತರಕ್ಕೆ ತೂಗಿಸಿದರೆ ಬೆಳಕಿನ ದೊಡ್ಡ ಪಾಲು ಗೋಡೆಗೆ, ನೆಲಕ್ಕೆ ಹೋಗುತ್ತದೆ. ಬ್ಯಾಟನ್ನನ್ನು ಎಲೆಯ ಮೇಲೆ ಒಂದು ಗೇಣಿನಷ್ಟು ಹತ್ತಿರ ಕಟ್ಟಬಹುದು, ಮೂರನ್ನು ಸಾಲಾಗಿ ಹಾಕಿದರೆ ರ‍್ಯಾಕಿನ ಉದ್ದಕ್ಕೂ ಒಂದೇ ಸಮ ಬೆಳಕು.

ಎರಡನೆಯದು ಸೆಕೆ. 440 ವ್ಯಾಟ್ ಒಳಗೆ ಹೋದರೆ ಕೊನೆಗೆ 440 ವ್ಯಾಟ್ ಶಾಖವಾಗಿಯೇ ಮನೆಯಲ್ಲಿ ಉಳಿಯುತ್ತದೆ. ಒಂದು ಟನ್ ಎಸಿ ಹೊರಹಾಕುವುದು 3500 ವ್ಯಾಟ್‌ನಷ್ಟು ಶಾಖ. ಅದರ ಎಂಟನೇ ಒಂದು ಭಾಗ ದೀಪವೊಂದಕ್ಕೇ ಮೀಸಲು! ಚಳಿ ದೇಶದ ಗಾಜಿನ ಮನೆಯಲ್ಲಿ ಸೋಡಿಯಂ ದೀಪದ ಬಿಸಿ ಲಾಭ. ಡೊಂಬಿವಲಿಯಲ್ಲಿ ಆ ಬಿಸಿಗೆ ಒಂದು ಸಲ, ಅದನ್ನು ಹೊರಹಾಕಲು ಇನ್ನೊಂದು ಸಲ ದುಡ್ಡು ಕಟ್ಟಬೇಕು.

ಮೂರನೆಯದು ಲೈಟ್ ಬಿಲ್. ದಿನಕ್ಕೆ 12 ಗಂಟೆ ಉರಿಸಿದರೆ ಸೋಡಿಯಂ ತಿಂಗಳಿಗೆ 158 ಯೂನಿಟ್, ಮೂರು ಬ್ಯಾಟನ್ ಸೇರಿ 22 ಯೂನಿಟ್. ಯೂನಿಟ್‌ಗೆ ಹತ್ತು ರೂಪಾಯಿ ಹಿಡಿದರೂ 1580 ಎಲ್ಲಿ, 220 ಎಲ್ಲಿ. ಮಹಾರಾಷ್ಟ್ರದಲ್ಲಿ ಮನೆ ಬಳಕೆಯ ದರ 100, 300, 500 ಯೂನಿಟ್‌ಗಳ ಸ್ಲ್ಯಾಬಿನಲ್ಲಿ ಏರುತ್ತದೆ. ಈಗ 180 ಯೂನಿಟ್ ಬರುವ ಮನೆಗೆ ಸೋಡಿಯಂ ಸೇರಿದರೆ 338. ಮುನ್ನೂರರ ಗಡಿ ದಾಟಿ ಮೇಲಿನ ದರಕ್ಕೆ ಬಿದ್ದಿರಿ.

ಮೂರು ಬ್ಯಾಟನ್‌ಗಳ 90 ಮೈಕ್ರೋಮೋಲ್‌ನಲ್ಲಿ ಮೂವತ್ತು ಶೇಕಡ ಅಕ್ಕಪಕ್ಕ ಸೋರಿದರೂ ರ‍್ಯಾಕಿನ ಮೇಲೆ ಚದರ ಮೀಟರಿಗೆ ಸುಮಾರು 115 ಬೀಳುತ್ತದೆ. ಒಂದೆಲಗಕ್ಕೆ, ದೊಡ್ಡಪತ್ರೆಗೆ ಅದು ಧಾರಾಳ. ವೀಳ್ಯದೆಲೆ ಅಡಿಕೆ ತೋಟದ ನೆರಳಿನಲ್ಲೇ ಬೆಳೆದು ಬಂದ ಬಳ್ಳಿ, ಅದಕ್ಕೂ ನಡೆಯುತ್ತದೆ. ಎಲೆ ಸಣ್ಣದಾಗಿ ಗೆಣ್ಣುಗಳ ನಡುವಿನ ಅಂತರ ಉದ್ದವಾದರೆ ನಾಲ್ಕನೇ ಬ್ಯಾಟನ್ ಸೇರಿಸಿ. ಬಣ್ಣ 6500 ಅಥವಾ 4000 ಕೆಲ್ವಿನ್, ಎಲೆ ಗಿಡಗಳಿಗೆ ಎರಡೂ ಸರಿ. ಲೋಹಾರ್ ಚಾಳದಲ್ಲಿ ಕೊಳ್ಳುವಾಗ ಡಬ್ಬಿಯ ಮೇಲೆ ವ್ಯಾಟ್ ನೋಡುವುದರ ಜೊತೆ ಲ್ಯೂಮೆನ್ ಎಷ್ಟು ಎಂದೂ ಓದಿ. ವ್ಯಾಟ್‌ಗೆ 100 ಲ್ಯೂಮೆನ್‌ಗಿಂತ ಕಡಿಮೆಯಿದ್ದರೆ ಮುಂದಿನ ಅಂಗಡಿ.

ಹಾಕಿದ ಮೇಲೆ ಫೋನಿನಲ್ಲಿ ಬೀಳುವ ಬೆಳಕನ್ನು ಅಳೆಯುವ ಲಕ್ಸ್ ಆ್ಯಪ್ ತೆರೆದು, ಪರದೆ ಮೇಲ್ಮುಖವಾಗಿ ಎಲೆಯ ಎತ್ತರದಲ್ಲಿ ಹಿಡಿಯಿರಿ. ಬಿಳಿ ಎಲ್‌ಇಡಿಯಾದರೆ ಬಂದ ಲಕ್ಸನ್ನು 67ರಿಂದ ಭಾಗಿಸಿದರೆ ಮೈಕ್ರೋಮೋಲ್. ಬಿಸಿಲಿಗೆ 54, ಸೋಡಿಯಂ ದೀಪಕ್ಕೆ 82. ನಿಮ್ಮ ರ‍್ಯಾಕಿನಲ್ಲಿ ಎಂಟು ಸಾವಿರ ಲಕ್ಸಿನ ಹತ್ತಿರ ಕಂಡರೆ ಲೆಕ್ಕ ಸರಿ ಬಂತು. ಫೋನಿನಿಂದ ಫೋನಿಗೆ ವ್ಯತ್ಯಾಸ ಇದ್ದೇ ಇರುತ್ತದೆ, ಆದ್ದರಿಂದ ಪ್ರತಿ ಸಲವೂ ಒಂದೇ ಫೋನಿನಲ್ಲಿ ಅಳೆಯಿರಿ.

ಪ್ರಶ್ನೆ: ಆನ್‌ಲೈನಿನಲ್ಲಿ '1000 ವ್ಯಾಟ್ ಗ್ರೋ ಲೈಟ್' ಎರಡು ಸಾವಿರ ಚಿಲ್ಲರೆ ರೂಪಾಯಿಗೆ ಸಿಗುತ್ತಿದೆ. ಕೆಂಪು, ನೀಲಿ ಬೆಳಕು. ನಂಬಬಹುದೇ? (ಕೋಥ್ರುಡ್, ಪುಣೆ)

ಉತ್ತರ: ಆ ಸಾವಿರವನ್ನು ನಂಬಬೇಡಿ. ನಿಜಕ್ಕೂ ಅದು ಎಳೆಯುವುದು ಬಹುಪಾಲು ನೂರರ ಆಸುಪಾಸು. ಮೂರೋ ಹತ್ತೋ ವ್ಯಾಟ್ ತಾಳಬಲ್ಲ ಚಿಪ್‌ಗಳನ್ನು ಎಣಿಸಿ ಗುಣಿಸಿ ಬರೆದ ಸಂಖ್ಯೆ ಅದು. ಚಿಪ್ಪಿಗೆ ಕೊಡುವ ಕರೆಂಟು ಅದರ ತುಣುಕು ಮಾತ್ರ. ಕೊಂಡಾಗಿದ್ದರೆ ಪ್ಲಗ್ಗಿಗೆ ಸಿಕ್ಕಿಸುವ ಎನರ್ಜಿ ಮೀಟರ್ ಹಾಕಿ ನೋಡಿ, ಎರಡು ನಿಮಿಷದಲ್ಲಿ ಬಣ್ಣ ಬಯಲು. ಕೊಳ್ಳುವ ಮುಂಚೆಯಾದರೆ ಮೂರು ಪ್ರಶ್ನೆ ಕೇಳಿ: ಗೋಡೆಯ ಪ್ಲಗ್ಗಿನಿಂದ ಎಳೆಯುವುದು ಎಷ್ಟು ವ್ಯಾಟ್, ಒಟ್ಟು ಎಷ್ಟು ಮೈಕ್ರೋಮೋಲ್, ಡ್ರೈವರ್ (ಮನೆಯ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಬದಲಿಸಿ ಕೊಡುವ ಪೆಟ್ಟಿಗೆ) ಯಾವುದು. ಉತ್ತರ ಕೊಡದವರ ಮಾಲು ಬೇಡ.

ಕೆಂಪು, ನೀಲಿಯ ಬಗ್ಗೆ. 450 ಮತ್ತು 660 ನ್ಯಾನೋಮೀಟರಿನಲ್ಲಿ ಎಲೆಯ ಹಸಿರು ಹೆಚ್ಚು ಬೆಳಕು ಹೀರುತ್ತದೆ ಎಂಬುದು ನಿಜ. ಹಸಿರು ಬೆಳಕು ವ್ಯರ್ಥ ಎಂಬುದು ಮಾತ್ರ ತಪ್ಪು. ಅದು ಎಲೆಯ ಒಳಪದರಕ್ಕೂ ಕೆಳಗಿನ ಎಲೆಗಳಿಗೂ ಇಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ನಿಮ್ಮ ಕಣ್ಣಿಗೆ. ನೇರಳೆ ಬೆಳಕಿನಲ್ಲಿ ಎಲೆಯೆಲ್ಲ ಕಪ್ಪಗೆ ಕಾಣುತ್ತದೆ, ಹಳದಿ ತಿರುಗಿದ್ದೂ ನುಸಿ ಹಿಡಿದದ್ದೂ ಗೊತ್ತಾಗುವುದಿಲ್ಲ. ಲಕ್ಸ್ ಆ್ಯಪ್ ಕೂಡ ಅಲ್ಲಿ ಸುಳ್ಳು ಹೇಳುತ್ತದೆ. ಎದುರು ಮನೆಯವರ ಕುತೂಹಲ ಬೇರೆ. ಬಿಳಿ ಬೆಳಕಿನದೇ ತನ್ನಿ. ತಾಪಕೀರ್ ಗಲ್ಲಿಯಲ್ಲಿ ಮಾಮೂಲಿ ಬ್ಯಾಟನ್ ಸಾಲು ಸಾಲು ಸಿಗುತ್ತದೆ.

ಪ್ರಶ್ನೆ: ಬ್ಯಾಡಗಿ ಮೆಣಸಿನ ಬೀಜ ಊರಿನಿಂದ ತಂದು ಟ್ರೇಯಲ್ಲಿ ಹಾಕಿದೆ. ಮೇಲೆ ಚಾವಣಿಯ 9 ವ್ಯಾಟ್ ಎಲ್‌ಇಡಿ ಬಲ್ಬು ಇಡೀ ದಿನ ಉರಿಯುತ್ತದೆ. ಸಸಿಗಳು ದಾರದಂತೆ ಉದ್ದವಾಗಿ ಮಲಗಿಬಿಟ್ಟಿವೆ. ಎಲ್‌ಇಡಿ ಬೆಳಕಿಗೆ ಸತ್ವವಿಲ್ಲವೆಂದೇ? (ಚೆಂಬೂರು)

ಉತ್ತರ: ಸತ್ವ ಇದೆ, ದೂರ ಹೆಚ್ಚಾಯಿತು. ಸಣ್ಣ ಬಲ್ಬಿನ ಬೆಳಕು ದೂರದ ವರ್ಗಕ್ಕೆ ಸರಿಯಾಗಿ ಇಳಿಯುತ್ತದೆ: ಒಂದಡಿಯಲ್ಲಿ ಇರುವುದಕ್ಕಿಂತ ಆರು ಅಡಿಯಲ್ಲಿ ಮೂವತ್ತಾರು ಪಟ್ಟು ಕಡಿಮೆ. ಚಾವಣಿಯಿಂದ ನಿಮ್ಮ ಸಸಿಗೆ ನೂರು ಲಕ್ಸ್ ತಲುಪುವುದೂ ಕಷ್ಟ. ಮೆಣಸಿನ ಸಸಿಗೆ ಬೇಕಾದದ್ದು ಹತ್ತರಿಂದ ಹದಿನೈದು ಸಾವಿರ ಲಕ್ಸ್.

ಹೊಸದಾಗಿ ಬೀಜ ಹಾಕಿ. ಮೊಳಕೆ ಮಣ್ಣಿನಿಂದ ತಲೆ ಎತ್ತಿದ ದಿನವೇ ದೀಪ ಬೇಕು, ಎರಡು ದಿನ ತಡವಾದರೂ ಕಾಂಡ ಎಳೆದುಕೊಳ್ಳುತ್ತದೆ. ಎರಡು ಅಡಿಯ 10 ವ್ಯಾಟ್ ಬ್ಯಾಟನ್ ಎರಡನ್ನು ಟ್ರೇಯ ಮೇಲೆ ನಾಲ್ಕು ಬೆರಳು ಬಿಟ್ಟು ತೂಗಿಸಿ. ದಾರದ ಬದಲು ಸಣ್ಣ ಸರಪಳಿ ಹಾಕಿದರೆ ಸಸಿ ಬೆಳೆದಂತೆ ಒಂದೊಂದು ಕೊಂಡಿ ಏರಿಸಬಹುದು. ದಿನಕ್ಕೆ 14 ಗಂಟೆ, ರಾತ್ರಿ ಕಡ್ಡಾಯ ಕತ್ತಲು. ಪಕ್ಕದಲ್ಲಿ ಸಣ್ಣ ಫ್ಯಾನು ಸಸಿಯ ತುದಿ ಅಲುಗುವಷ್ಟು ಮಾತ್ರ ಬೀಸಲಿ, ಕಾಂಡ ಗಟ್ಟಿಯಾಗುತ್ತದೆ. ಮುಂಬಯಿ ಮಳೆಗಾಲದ ತೇವದಲ್ಲಿ ಫ್ಯಾನಿಗೆ ಇನ್ನೊಂದು ಕೆಲಸವೂ ಇದೆ: ಬುಡ ಕರಗಿ ಸಸಿ ಬೀಳುವ ಕೊಳೆರೋಗ ತಡೆಯುವುದು. ನೀರು ಮೇಲಿನಿಂದ ಚಿಮುಕಿಸಬೇಡಿ. ಟ್ರೇಯನ್ನು ಹತ್ತು ನಿಮಿಷ ನೀರಿನ ತಟ್ಟೆಯಲ್ಲಿಟ್ಟು ತೆಗೆಯಿರಿ.

ಪ್ರಶ್ನೆ: ಬಳಸದೆ ಬಿದ್ದಿರುವ ನಾಲ್ಕಡಿಯ ಹಳೆಯ ಟ್ಯೂಬ್‌ಲೈಟ್ ಪಟ್ಟಿಗಳು ಎರಡಿವೆ. ಎಸೆಯಬೇಕೇ? (ಮಾಟುಂಗಾ)

ಉತ್ತರ: ಬೇಡ. ಸಸಿಗಳಿಗೆ, ಒಂದೆಲಗಕ್ಕೆ ಟ್ಯೂಬ್‌ಲೈಟ್ ಇಂದಿಗೂ ಸಾಕು; ಎಲ್‌ಇಡಿ ಅಗ್ಗವಾಗುವ ಮುಂಚೆ ನರ್ಸರಿಗಳ ಕೋಣೆಯಲ್ಲಿ ಉರಿಯುತ್ತಿದ್ದದ್ದು ಅದೇ. 36 ವ್ಯಾಟ್ ಟ್ಯೂಬಿಗೆ ತಾಮ್ರದ ಚೋಕು ಇನ್ನೂ ಹತ್ತು ವ್ಯಾಟಿನಷ್ಟು ತಿನ್ನುತ್ತದೆ ಎಂಬುದೊಂದು ನಷ್ಟ. ಟ್ಯೂಬಿನ ತುದಿ ಕಪ್ಪಾಗಿದ್ದರೆ ಬದಲಿಸಿ, ಕಣ್ಣಿಗೆ ಉರಿಯುವಂತೆ ಕಂಡರೂ ಬೆಳಕು ಇಳಿದಿರುತ್ತದೆ. ಹಳೆಯ ಪಟ್ಟಿಗೇ ಎಲ್‌ಇಡಿ ಟ್ಯೂಬ್ ಸಿಕ್ಕಿಸುವುದಾದರೆ ಅದರ ಡಬ್ಬಿಯ ಮೇಲಿನ ವೈರಿಂಗ್ ಚಿತ್ರದಂತೆಯೇ ಚೋಕು, ಸ್ಟಾರ್ಟರ್ ತೆಗೆಸಿ. ಈ ಕೆಲಸ ಇಲೆಕ್ಟ್ರಿಷಿಯನ್‌ಗೆ ಬಿಡಿ.

ಟ್ಯೂಬಿನೊಳಗೆ ಪಾದರಸವಿದೆ. ಒಡೆದರೆ ಕಿಟಕಿ ತೆರೆದು ಕಾಲು ಗಂಟೆ ಹೊರಗಿರಿ. ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ. ಗಟ್ಟಿ ರಟ್ಟಿನಲ್ಲಿ ಒತ್ತರಿಸಿ ಮುಚ್ಚಳದ ಡಬ್ಬಿಗೆ ಹಾಕಿ. ಸೊಸೈಟಿಯ ಒಣ ಕಸಕ್ಕೆ ಹಾಕುವ ವಸ್ತುವಲ್ಲ, 2016ರ ಇ-ತ್ಯಾಜ್ಯ ನಿಯಮಗಳಲ್ಲೇ ಪಾದರಸದ ದೀಪಗಳು ಸೇರಿದ್ದವು. ಇ-ತ್ಯಾಜ್ಯ ಸಂಗ್ರಹದವರಿಗೇ ಕೊಡಿ.

ಪ್ರಶ್ನೆ: ಬಾಲ್ಕನಿಯ ಸೇವಂತಿಗೆಗೆ ಒಳ್ಳೆಯ ಎಲ್‌ಇಡಿ ಪ್ಯಾನೆಲ್ ಹಾಕಿದೆ. ರಾತ್ರಿ ಹನ್ನೊಂದರ ತನಕ ಉರಿಸುತ್ತೇವೆ. ಗಿಡ ಪೊದೆಯಂತೆ ಬೆಳೆದಿದೆ, ಮೊಗ್ಗು ಒಂದೂ ಇಲ್ಲ. ಹೂವಿಗೆ ಹಳದಿ ಸೋಡಿಯಂ ದೀಪವೇ ಬೇಕು ಎನ್ನುತ್ತಾರಲ್ಲ? (ನಿಗಡಿ, ಪುಣೆ)

ಉತ್ತರ: ದೀಪ ಬದಲಿಸಿದರೆ ಏನೂ ಆಗದು, ಗಂಟೆ ಬದಲಿಸಬೇಕು. ಸೇವಂತಿಗೆ ಉದ್ದ ರಾತ್ರಿಯ ಗಿಡ. ಮಧ್ಯೆ ಮುರಿಯದ ಕತ್ತಲು ಸಿಕ್ಕಿದಾಗಲೇ ಅದು ಮೊಗ್ಗಿಗೆ ತಿರುಗುವುದು. ಪುಣೆಯಲ್ಲಿ ಅತಿ ಉದ್ದದ ಹಗಲು 13 ಗಂಟೆಯ ಆಚೀಚೆ, ಅತಿ ಗಿಡ್ಡದ್ದು 11. ಹೀಗಾಗಿ ಚಳಿಗಾಲದಲ್ಲಿ ಅದು ತಾನಾಗಿ ಹೂ ಬಿಡುತ್ತದೆ. ನೀವು ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿ, ಬೆಳಿಗ್ಗೆ ಆರಕ್ಕೆ ಸೂರ್ಯ ಬಂದರೆ ಗಿಡಕ್ಕೆ ಸಿಕ್ಕಿದ್ದು ಏಳು ಗಂಟೆಯ ಕತ್ತಲು. ಹೂ ಬೆಳೆಗಾರರು ಸೇವಂತಿಗೆಯನ್ನು ಬೇಕೆಂದಷ್ಟು ದಿನ ಎಲೆಯಲ್ಲೇ ಹಿಡಿದಿಡಲು ಮಾಡುವುದೂ ಇದನ್ನೇ, ನಡುರಾತ್ರಿ ದೀಪ ಹಾಕುತ್ತಾರೆ. ಅದಕ್ಕೆ ನೂರು ಲಕ್ಸಿನಷ್ಟು ಮಂಕು ಬೆಳಕೇ ಸಾಕಾಗುತ್ತದೆ! ಬಾಲ್ಕನಿಗೆ ಬೀದಿ ದೀಪ ಬೀಳುತ್ತಿದ್ದರೆ ಅದನ್ನೂ ಅನುಮಾನಿಸಿ.

ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಬೆಳಕು, ಆಮೇಲೆ 13 ಗಂಟೆ ಗಿಡ ಕತ್ತಲಲ್ಲಿರಲಿ. ಬೀದಿ ದೀಪವಿದ್ದರೆ ದಪ್ಪ ಕಪ್ಪು ಬಟ್ಟೆ ಹೊದಿಸಿ, ಬುಡದಲ್ಲಿ ಗಾಳಿ ಆಡಲು ಸಂದಿ ಬಿಡಿ. ಒಂದು ರಾತ್ರಿಯೂ ತಪ್ಪಬಾರದು. ಮೊಗ್ಗು ಕಾಣಲು ಮೂರು ನಾಲ್ಕು ವಾರ, ಅರಳಲು ತಳಿಯನ್ನು ನೋಡಿಕೊಂಡು ಒಟ್ಟು ಎಂಟರಿಂದ ಹತ್ತು ವಾರ. ಕೊತ್ತಂಬರಿಯ ವಿಷಯ ಇದಕ್ಕೆ ಉಲ್ಟಾ: ಬೆಳಕಿನ ಗಂಟೆ ಉದ್ದವಾದರೆ, ಸೆಕೆಯೂ ಸೇರಿದರೆ, ಎಲೆ ಬಿಟ್ಟು ಹೂವಿಗೆ ಓಡುತ್ತದೆ. ಎರಡನ್ನೂ ಒಂದೇ ದೀಪದಡಿ ಇಡುವುದಾದರೆ 11 ಗಂಟೆ ಇಬ್ಬರಿಗೂ ಒಪ್ಪಿಗೆ.

ಗಂಟೆಯ ಲೆಕ್ಕವನ್ನು ನೆನಪಿಗೆ ಬಿಡದೆ ಟೈಮರಿಗೆ ಕೊಡಿ. ಕಡ್ಡಿ ಒತ್ತುವ ಮೆಕ್ಯಾನಿಕಲ್ ಟೈಮರ್ ಅಗ್ಗ. ಆದರೆ ಕರೆಂಟು ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಲ್ಲುತ್ತದೆ, ವಾರದಲ್ಲಿ ಎರಡು ಗಂಟೆ ಹಿಂದೆ ಬಿದ್ದದ್ದು ತಿಳಿಯುವುದೇ ಇಲ್ಲ. ಬ್ಯಾಟರಿಯಿರುವ ಡಿಜಿಟಲ್ ಟೈಮರ್ ತನ್ನಿ. ಹೊತ್ತಿಕೊಳ್ಳುವ ಕ್ಷಣದಲ್ಲಿ ಎಲ್‌ಇಡಿ ಡ್ರೈವರ್ ತನ್ನ ವ್ಯಾಟಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಸಣ್ಣ ಟೈಮರಿನ ಒಳಗಿನ ಸ್ವಿಚ್ಚು (ರಿಲೇ) ಬೆಸೆದುಕೊಂಡು ದೀಪ ಆರದೇ ಉಳಿಯುವುದು ಇದರಿಂದಲೇ. 16 ಆಂಪಿಯರಿನ ಟೈಮರ್ ಆದರೆ ಈ ಕಾಟ ಕಡಿಮೆ. ಸೋಡಿಯಂ ದೀಪಕ್ಕಂತೂ ಕರೆಂಟು ಒಂದು ಸಲ ಮಿಣುಕಿದರೂ ಸಾಕು, ಆರಿದರೆ ತಣ್ಣಗಾಗುವ ತನಕ ಹಲವು ನಿಮಿಷ ಮತ್ತೆ ಹೊತ್ತುವುದಿಲ್ಲ.

ಪ್ರಶ್ನೆ: ಮನೆ ಸಮುದ್ರದಿಂದ ಕೂಗಳತೆ ದೂರ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಎಲ್‌ಇಡಿ ಪ್ಯಾನೆಲ್ ಸತ್ತುಹೋಯಿತು. ಐವತ್ತು ಸಾವಿರ ಗಂಟೆ ಬಾಳಿಕೆ ಎಂದಿದ್ದರು. (ವಾಸ್ಕೋ, ಗೋವಾ)

ಉತ್ತರ: ಐವತ್ತು ಸಾವಿರ ಗಂಟೆ ಚಿಪ್ಪಿನ ಮಾತು. ಸಾಯುವುದು ಸಾಮಾನ್ಯವಾಗಿ ಡ್ರೈವರ್. ಅದರೊಳಗಿನ ಇಲೆಕ್ಟ್ರೋಲಿಟಿಕ್ ಕೆಪ್ಯಾಸಿಟರಿನ ಆಯುಸ್ಸು ಬಿಸಿ ಹತ್ತು ಡಿಗ್ರಿ ಏರಿದರೆ ಅರ್ಧಕ್ಕೆ ಇಳಿಯುತ್ತದೆ. ಅದರ ಮೇಲೆ ಉಪ್ಪುಗಾಳಿ: ಕನೆಕ್ಟರಿನ ತಾಮ್ರ ಹಸಿರು ಹಿಡಿಯುತ್ತದೆ, ಪ್ಯಾನೆಲ್ಲಿನ ಸಣ್ಣ ಫ್ಯಾನು ತುಕ್ಕು ಹಿಡಿದು ನಿಲ್ಲುತ್ತದೆ, ಫ್ಯಾನು ನಿಂತ ಪ್ಯಾನೆಲ್ ಬೆಂದುಹೋಗುತ್ತದೆ.

ಡ್ರೈವರನ್ನು ಬಿಚ್ಚಿಸಿ ನೋಡಿ. ಚಿಪ್ಪುಗಳು ಸರಿಯಿದ್ದರೆ ಅದೇ ವೋಲ್ಟೇಜ್, ಅದೇ ಆಂಪಿಯರಿನ ಹೊಸ ಡ್ರೈವರ್ ಸಾಕು, ಪ್ಯಾನೆಲ್ ಎಸೆಯಬೇಡಿ. ಹೊಸದು ಕೊಳ್ಳುವಾಗ ಫ್ಯಾನಿಲ್ಲದ, ದಪ್ಪ ಅಲ್ಯೂಮಿನಿಯಂ ಬೆನ್ನಿನ, ಐಪಿ65 ಗುರುತಿನ (ಧೂಳು, ನೀರು ಒಳಹೋಗದ) ದೀಪ ಹುಡುಕಿ. ವೈರ್ ಒಳಹೋಗುವ ರಂಧ್ರಕ್ಕೆ ರಬ್ಬರಿನ ಗ್ಲ್ಯಾಂಡ್ ಇಲ್ಲದಿದ್ದರೆ ಆ ಗುರುತಿಗೆ ಅರ್ಥವಿಲ್ಲ. ಡ್ರೈವರನ್ನು ದೀಪದ ಬೆನ್ನಿಗೆ ಅಂಟಿಸದೆ ಗೋಡೆಗೆ, ಒಣ ಜಾಗದಲ್ಲಿ ಹಾಕಿ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ, ಒಣಗಿದ ಮೇಲೆ ಮತ್ತೆ ಹಾಕಿ. ಉಪ್ಪು ಮತ್ತು ಧೂಳು ಬೆಳಕನ್ನೂ ಸಾಕಷ್ಟು ತಿನ್ನುತ್ತವೆ.

ನೀರು, ಕರೆಂಟು ಒಟ್ಟಿಗಿರುವ ಕಡೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಕಡಿದುಹಾಕುವ ಸ್ವಿಚ್ಚು) ಇಲ್ಲದೆ ದೀಪ ಹಾಕಲೇಬೇಡಿ. ಮಾಮೂಲಿ ಎಂಸಿಬಿ ಸ್ವಿಚ್ಚು ಕಾಯುವುದು ವೈರನ್ನು, ನಿಮ್ಮನ್ನಲ್ಲ. ಮೂರು ಪಿನ್ನಿನ ಪ್ಲಗ್, ನಿಜವಾದ ಅರ್ಥಿಂಗ್. ವೈರ್ ಸಾಕೆಟ್ಟಿಗಿಂತ ಒಂದಡಿ ಕೆಳಗೆ ಜೋತು ಮತ್ತೆ ಮೇಲೇರಿ ಹೋಗಲಿ, ಹರಿದ ನೀರು ಕೆಳಗೇ ತೊಟ್ಟಿಕ್ಕಲಿ. ಎಕ್ಸ್‌ಟೆನ್ಷನ್ ಬೋರ್ಡು ನೆಲದ ಮೇಲೆ ಬೇಡ.

ಪ್ರಶ್ನೆ: ವಿದೇಶದಲ್ಲಿರುವ ಗೆಳೆಯ, ಗಾಂಜಾ ಗಿಡಕ್ಕೆ ಸೋಡಿಯಂ ದೀಪವೇ ಎಲ್‌ಇಡಿಗಿಂತ ಮೇಲು ಎಂದು ಚಾರ್ಟು ಕಳಿಸಿದ್ದಾನೆ. ಮನೆಯಲ್ಲಿ ಒಂದೆರಡು ಕುಂಡ ಇಟ್ಟರೆ ತಪ್ಪೇ? (ಮಾಪುಸಾ, ಗೋವಾ)

ಉತ್ತರ: ಅಪರಾಧ. 1985ರ ಎನ್‌ಡಿಪಿಎಸ್ (ಮಾದಕ ವಸ್ತುಗಳ) ಕಾಯಿದೆಯ 8ನೇ ಕಲಮು ಗಾಂಜಾ ಗಿಡ ಬೆಳೆಸುವುದನ್ನು ನಿಷೇಧಿಸುತ್ತದೆ, 20ನೇ ಕಲಮಿನ ಪ್ರಕಾರ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಒಂದೇ ಕುಂಡ, ಸ್ವಂತಕ್ಕೆ ಎಂಬ ವಿನಾಯಿತಿ ಇಲ್ಲ. ಎಲೆ ಮಾತ್ರ 'ಗಾಂಜಾ' ಅಲ್ಲ ಎಂಬ ವ್ಯಾಖ್ಯೆ ಕಾಯಿದೆಯಲ್ಲಿದೆ ನಿಜ, ಆದರೆ ಅದು ಗಿಡ ಬೆಳೆಸಲು ಪರವಾನಗಿಯಲ್ಲ. ನಾರು, ಬೀಜಕ್ಕಾಗಿ ಸರಕಾರದ ಅನುಮತಿಯ ಮೇಲೆ ಬೆಳೆಯಲು 14ನೇ ಕಲಮಿನಲ್ಲಿ ದಾರಿಯಿದೆ, ಉತ್ತರಾಖಂಡ 2018ರಲ್ಲಿ ಅಂಥ ಪರವಾನಗಿ ಕೊಡಲು ಶುರುಮಾಡಿತು. ಗೋವಾದ ಬಾಲ್ಕನಿಗೆ ಅದು ಅನ್ವಯಿಸದು.

ಚಾರ್ಟಿನ ಬಗ್ಗೆ ಒಂದು ಮಾತು, ಬೇರೆ ಓದುಗರಿಗೂ ಸೇರಿ. ಅಂತರ್ಜಾಲದಲ್ಲಿ ಹರಿದಾಡುವ ದೀಪದ ಹೋಲಿಕೆಗಳಲ್ಲಿ ಬಹಳಷ್ಟು ಆ ಬೆಳೆಗೆ, ಚಳಿ ದೇಶದ ನೆಲಮಾಳಿಗೆಗೆ ಬರೆದವು. ತೀವ್ರ ಬೆಳಕಿನ ಬೆಳೆಯ ಅಂಕಿಯನ್ನು ಒಂದೆಲಗಕ್ಕೆ ಹಚ್ಚಿದರೆ ಎಲೆ ಸುಡುತ್ತದೆ, ಬಿಲ್ಲೂ ಸುಡುತ್ತದೆ.

ಪ್ರಶ್ನೆ: ಬಸಳೆ, ತುಳಸಿಗೆ 100 ವ್ಯಾಟಿನ ಹೊಸ ಪ್ಯಾನೆಲ್ ಹಾಕಿದ ಹದಿನೈದು ದಿನದಲ್ಲಿ ತುಳಸಿಯ ತುದಿ ಎಲೆ ಬೆಳ್ಳಗಾಗಿ ಅಂಚು ಮೇಲೆ ಮಡಚಿದೆ. ನೀರು ದಿನವೂ ಹಾಕುತ್ತೇನೆ. (ಠಾಣೆ)

ಉತ್ತರ: ದೀಪಕ್ಕೆ ಅತಿ ಹತ್ತಿರದ ಎಲೆಯೇ ಬಿಳಿಚಿದ್ದು, ಕೆಳಗಿನವು ಹಸಿರಾಗಿಯೇ ಇದ್ದರೆ ಬೆಳಕು ಅತಿಯಾಯಿತು ಎಂದರ್ಥ. ಪ್ಯಾನೆಲ್ಲನ್ನು ಒಂದೂವರೆ ಅಡಿಗೆ ಎತ್ತಿ, ಡಿಮ್ಮರ್ ಇದ್ದರೆ ಅರ್ಧಕ್ಕೆ ಇಳಿಸಿ, ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಬಿಳಿಚಿದ ಎಲೆ ಮತ್ತೆ ಹಸಿರಾಗದು, ಹೊಸ ಚಿಗುರು ನೋಡಿ ತೀರ್ಮಾನಿಸಿ. ಕೆಳಗಿನ ಹಳೆಯ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಆದರೆ ಕತೆ ಬೇರೆ, ಅದು ಮೆಗ್ನೀಷಿಯಂ ಕೊರತೆ. ಲೀಟರ್ ನೀರಿಗೆ ಎರಡು ಗ್ರಾಂ ಎಪ್ಸಮ್ ಉಪ್ಪು ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ.

ದಿನವೂ ನೀರು ಹಾಕುವುದನ್ನು ನಿಲ್ಲಿಸಿ. ಬಿಸಿಲು, ಸೋಡಿಯಂ ದೀಪ ಎರಡರಲ್ಲೂ ಎಲೆಯನ್ನು ಕಾಯಿಸುವ ಅವಗೆಂಪು ಕಿರಣ ಇರುತ್ತದೆ. ಎಲ್‌ಇಡಿಯಲ್ಲಿ ಅದು ನಗಣ್ಯ, ಎಲೆ ತಂಪಾಗಿರುತ್ತದೆ, ಗಿಡ ಎಳೆಯುವ ನೀರು ಕಡಿಮೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು.

ಪ್ರಶ್ನೆ: ಶಂಕರಪುರದ ಮಲ್ಲಿಗೆ ಗಿಡವನ್ನು ಮನೆಯೊಳಗೆ ದೀಪದಲ್ಲೇ ಅರಳಿಸಬಹುದೇ? (ಗೋರೆಗಾಂವ್)

ಉತ್ತರ: ಬಹುದು, ಆದರೆ ಬ್ಯಾಟನ್ ಸಾಲದು. ಮಲ್ಲಿಗೆ ಬಿಸಿಲಿನ ಗಿಡ. ಒಂದೂವರೆ ಅಡಿ ಚೌಕದ ಒಂದು ಗಿಡಕ್ಕೆ ಬಿಸಿಲಿನ ಪಾಲು ಪೂರ್ತಿ ದೀಪದಿಂದಲೇ ಬರಬೇಕಾದರೆ ವ್ಯಾಟ್‌ಗೆ 2.5 ಮೈಕ್ರೋಮೋಲ್ ಕೊಡುವ 65 ವ್ಯಾಟಿನ ಪ್ಯಾನೆಲ್ ದಿನಕ್ಕೆ 12 ಗಂಟೆ ಉರಿಯಬೇಕು, ತಿಂಗಳಿಗೆ 23-24 ಯೂನಿಟ್. ಹೂವಿನ ಬೆಲೆಗೆ ಹೋಲಿಸಿದರೆ ಇದು ನಷ್ಟದ ಬಾಬತ್ತು. ಊರಿನ ಗಿಡ ಕಣ್ಣೆದುರಿಗಿರಲಿ ಎಂಬ ಆಸೆಗಾದರೆ ಬೇರೆ ಮಾತು. ಗ್ರಿಲ್ಲಿನಲ್ಲಿ ನಾಲ್ಕು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗವಿದ್ದರೆ ವರ್ಷದ ಎಂಟು ತಿಂಗಳು ಅಲ್ಲೇ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಒಳಗೆ ತಂದು, ಪ್ಯಾನೆಲ್ಲನ್ನು ತುದಿಯಿಂದ ಒಂದಡಿ ಮೇಲೆ ತೂಗಿಸಿ, ಎಲೆ ಉದುರದಂತೆ ಕಾಪಾಡಿಕೊಂಡರೆ ಸಾಕು.